ಚುರುಮುರಿ ಭಟ್ಟಿಯಲ್ಲಿ ಒಣಗಿದ ಚೆಂಡು

ನಾನು ಜೀವನದಲ್ಲಿ ಒಂದು ಗೋಲೂ ಹೊಡೆದವನಲ್ಲ. ಚೆಂಡನ್ನು ಒದ್ದದ್ದೇ ನಾಲ್ಕೈದು ಸಲ ಇರಬೇಕು. ಅದರಲ್ಲೂ ಎರಡು ಸಲ ಕಾಲಿಗೆ ಸಿಕ್ಕಿದ್ದು ಬರೀ ನೆಲ. ಆದರೂ ಯಾರಾದರೂ ಫುಟ್‌ಬಾಲ್ ಮಾತೆತ್ತಿದರೆ ನನ್ನ ಬಾಯಿ ಮುಚ್ಚಿಸುವುದು ಮನೆಯವರಿಗೆ ಇವತ್ತಿಗೂ ಕಷ್ಟ. ಮೊಮ್ಮಕ್ಕಳು ಟಿವಿಯಲ್ಲಿ ಯಾವುದೋ ದೇಶದ ಆಟ ಹಚ್ಚಿದರೆ ನಾನು ಮುಂದೆ ಕುಳಿತು ಬೈಯಲು ಶುರು ಮಾಡುತ್ತೇನೆ. ನಿನಗೇನು ಗೊತ್ತು ಅಜ್ಜಾ ಎಂದು ಅವು ನಗುತ್ತವೆ. ನನಗೆ ಗೊತ್ತಿರುವುದು ಒಂದೇ ಕ್ಲಬ್ಬು, ಸುರಪುರದ್ದು. ಅದು ಹೋಗಿ ಎಷ್ಟೋ ಕಾಲವಾಯಿತು.

ನಮ್ಮದು ತಿಂಥಣಿ. ಕೃಷ್ಣೆಯಲ್ಲಿ ಹರಿಗೋಲು ನಡೆಸುವ ಮನೆತನ. ಆಗ ಅಲ್ಲಿ ಸೇತುವೆ ಇರಲಿಲ್ಲ. ಆಚೆ ದಂಡೆಯ ಲಿಂಗಸುಗೂರು ಕಡೆಯವರು, ಈಚೆ ದಂಡೆಯ ಸುರಪುರದವರು, ಅವರ ಕುರಿ, ಜೋಳದ ಚೀಲ, ಮದುವೆಯ ಬೀಗರು, ಎಲ್ಲರೂ ನಮ್ಮ ಹರಿಗೋಲಿನಲ್ಲೇ ದಾಟಬೇಕು. ಬಿದಿರಿನ ಹೆಣಿಗೆಗೆ ಎಮ್ಮೆ ಚರ್ಮ ಬಿಗಿದ ದುಂಡು ಬುಟ್ಟಿ ಅದು. ಅದನ್ನು ಕಟ್ಟುವುದು, ಎಣ್ಣೆ ತಿಕ್ಕುವುದು, ಬಿರಿದರೆ ಹೊಲಿಯುವುದು ನಮ್ಮ ಕೆಲಸವೇ. ಹೀಗಾಗಿ ಚರ್ಮದ ವಿಷಯದಲ್ಲಿ ನಮಗೆ ತಿಳಿಯದ್ದು ಯಾವುದೂ ಇಲ್ಲ ಎಂಬ ಜಂಬ ನನಗೆ ಇಪ್ಪತ್ತೆರಡಕ್ಕೇ ಬಂದಿತ್ತು.

ಮೊದಲ ಸಲ ಆಟ ನೋಡಿದ್ದು ಮೀನು ಮಾರಲು ಸುರಪುರಕ್ಕೆ ಹೋದಾಗ. ಆಗಿನ್ನೂ ನಿಜಾಮರ ಕಾಲ. ಶುಕ್ರವಾರ ಕಚೇರಿಗೆ ರಜೆ, ಶುಕ್ರವಾರವೇ ಆಟ. ಪೊಲೀಸ್ ಕಾರ್ಯಾಚರಣೆ ಆಗಿ ಒಂದಷ್ಟು ಕಾಲಕ್ಕೆ ರಜೆ ಭಾನುವಾರಕ್ಕೆ ಬಂತು, ಆಟವೂ ಅದರ ಹಿಂದೆ ಬಂತು. ಹೈದರಾಬಾದು ಸಂಸ್ಥಾನ ಹಿಂದೂಸ್ತಾನಕ್ಕೆ ಸೇರಿತು ಎಂದರೆ ನನ್ನ ಮಟ್ಟಿಗೆ ಅಷ್ಟೇ, ಶುಕ್ರವಾರದ ನಡಿಗೆ ಭಾನುವಾರಕ್ಕೆ ಬದಲಾಯಿತು. ತಿಂಥಣಿಯಿಂದ ಸುರಪುರಕ್ಕೆ ನಾಲ್ಕು ತಾಸಿನ ದಾರಿ. ಅಣ್ಣನಿಗೆ ಹರಿಗೋಲಿನ ಹುಟ್ಟು ಕೊಟ್ಟು ನಸುಕಿನಲ್ಲೇ ಹೊರಡುತ್ತಿದ್ದೆ. ಮೈದಾನಕ್ಕೆ ಕಟ್ಟಿದ ಹಗ್ಗದ ಹೊರಗೆ ನಿಂತು ಕೂಗಿ ಕೂಗಿ ಗಂಟಲು ಕಟ್ಟಿಸಿಕೊಂಡು ಬರುತ್ತಿದ್ದೆ.

ಆ ತಂಡದ ಗೋಲ್‌ಕೀಪರು ತಾಲ್ಲೂಕು ಕಚೇರಿಯ ಗುಮಾಸ್ತರು. ಗುರುಮಠಕಲ್ ಕಡೆಯವರು, ಮನೆಮಾತು ತೆಲುಗು. ಅವರ ಅಕ್ಕನ ಮನೆ ನದಿಯ ಆಚೆ ಇದ್ದುದರಿಂದ ತಿಂಗಳಿಗೊಮ್ಮೆ ನಮ್ಮ ಹರಿಗೋಲು ಹತ್ತುತ್ತಿದ್ದರು. ಮೊದಲ ಸಲ ಅವರು ಕಾಲಿಟ್ಟಾಗ ನನ್ನ ಕೈಯ ಹುಟ್ಟೇ ಜಾರಿತ್ತು. ಮೂರು ವರ್ಷದಲ್ಲಿ ಸಲುಗೆ ಬೆಳೆಯಿತು. ನಡುಹೊಳೆಯಲ್ಲಿ ನಾನು ಅವರ ಆಟದ ತಪ್ಪು ಎತ್ತಿ ಆಡುವುದು, ಅವರು ನಗುವುದು ರೂಢಿಯಾಯಿತು.

ನನಗೆ ಇಪ್ಪತ್ತೆರಡಾದ ವರ್ಷ, ಐವತ್ತಾರರಲ್ಲಿ, ಭಾಷೆಯ ಮೇಲೆ ಪ್ರಾಂತಗಳನ್ನು ಹೊಸದಾಗಿ ಹಂಚುವುದು ನಿಶ್ಚಯವಾಗಿತ್ತು. ನಮ್ಮ ಜಿಲ್ಲೆ ಮೈಸೂರಿಗೆ. ಕಚೇರಿಯ ನೌಕರರಲ್ಲಿ ತೆಲುಗಿನವರು ಆಂಧ್ರಕ್ಕೆ, ಮರಾಠಿಯವರು ಮುಂಬಯಿ ಪ್ರಾಂತಕ್ಕೆ ಎಂದು ಪಟ್ಟಿ ಬರುತ್ತಿತ್ತು. ದಸರೆ ಮುಗಿದ ವಾರ ಗೋಲ್‌ಕೀಪರು ದಾಟಲು ಬಂದರು. ನಡುಹೊಳೆಯಲ್ಲಿ ಹೇಳಿದರು.

“ತಮ್ಮಾ, ಪಟ್ಟಿಯೊಳಗ ನನ್ನ ಹೆಸರು ಬಂದದ. ಬರೋ ತಿಂಗಳು ಆಂಧ್ರಕ್ಕ ಹೋಗಬೇಕು. ನಾನೊಬ್ಬನೇ ಅಲ್ಲ, ಟೀಮಿನ್ಯಾಗ ಆರು ಮಂದಿ ಹೊಂಟೀವಿ.”

ಹನ್ನೊಂದರಲ್ಲಿ ಆರು ಹೋದರೆ ಉಳಿಯುವುದನ್ನು ಕ್ಲಬ್ಬು ಎನ್ನುವುದು ಹೇಗೆ?

“ಮುಂದಿನ ಐತವಾರ ಶಹಾಪುರದಾಗ ಯಾದಗಿರಿಯವರ ಕೂಡ ಫೈನಲ್ ಅದ. ಅದೇ ನಮ್ಮ ಕಡೀ ಆಟ. ನೀ ಶನಿವಾರ ಸಂಜೀಕ ನಮ್ಮ ಖೋಲಿಗಿ ಬಾ. ನಮ್ಮ ಕೂಡ ಉಣ್ಣು, ನಮ್ಮ ಕೂಡ ಬಸ್ಸಿನ್ಯಾಗ ಬಾ.”

“ನಾ ಬಂದು ಏನ್ ಮಾಡ್ಲಿರಿ ಸಾಹೇಬ್ರ?”

“ಏನೂ ಮಾಡಬ್ಯಾಡ. ಇಷ್ಟು ವರ್ಷ ದೂರ ನಿಂತು ಬೈದಿ, ಒಂದಿನ ಹತ್ತಿರ ಬಂದು ಬೈ.”

ಏನೂ ಮಾಡಬ್ಯಾಡ ಎಂದಿದ್ದನ್ನು ನಾನು ಹಾಗೆಯೇ ಪಾಲಿಸಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ.

ಶನಿವಾರ ಒಗೆದ ಅಂಗಿ ತೊಟ್ಟು, ಎರಡು ದೊಡ್ಡ ಬಾಳೆಮೀನು ಹಸಿ ಬಟ್ಟೆಯಲ್ಲಿ ಸುತ್ತಿಕೊಂಡು ಹೋದೆ. ಕ್ಲಬ್ಬಿನ ಖೋಲಿ ಎಂದರೆ ಹಳೆಯ ಕುದುರೆ ಲಾಯದ ಒಂದು ಮೂಲೆ. ಬಾಗಿಲ ಹೊರಗೆ ಕುದುರೆಗಳು ನೀರು ಕುಡಿಯುತ್ತಿದ್ದ ಕಲ್ಲಿನ ಡೋಣಿ ಈಗಲೂ ನೀರು ತುಂಬಿಕೊಂಡು ಹಾಗೆಯೇ ಇತ್ತು. ಒಳಗೆ ಎಣ್ಣೆ, ಬೆವರು, ಸುಣ್ಣದ ವಾಸನೆ. ಗೋಡೆಯ ಗೂಟಗಳಿಗೆ ಹಸಿರು ಅಂಗಿಗಳು, ಮೂಲೆಯಲ್ಲಿ ಒಂದು ಮರದ ಪೆಟ್ಟಿಗೆ, ಹಗ್ಗಕ್ಕೆ ಸಾಲಾಗಿ ಒಣಹಾಕಿದ ಬಟ್ಟೆ ಪಟ್ಟಿಗಳು. ನಮ್ಮವರಲ್ಲಿ ಬೂಟು ಇದ್ದವರು ಇಬ್ಬರೇ. ಉಳಿದವರು ಹಳೆ ಧೋತರ ಹರಿದು ಪಟ್ಟಿ ಮಾಡಿ ಪಾದಕ್ಕೆ ಸುತ್ತಿಕೊಂಡು ಆಡುತ್ತಿದ್ದರು.

ಹಗ್ಗದ ಹೊರಗಿನಿಂದ ನಾನು ದೇವರೆಂದುಕೊಂಡಿದ್ದವರನ್ನು ಅಲ್ಲಿ ಒಬ್ಬೊಬ್ಬರನ್ನಾಗಿ ಕಂಡೆ. ಎದುರು ತಂಡದವರು ಹೆದರುತ್ತಿದ್ದ ಮರಾಠಿ ಬ್ಯಾಕು ಉಳ್ಳಾಗಡ್ಡಿ ಹೆಚ್ಚುತ್ತ ಕಣ್ಣೀರು ಸುರಿಸುತ್ತಿದ್ದರು. ಗಾಳಿಯಂತೆ ಓಡುವ ಫಾರ್ವರ್ಡು ಊರಿನ ದರ್ಜಿ. ಅವನು ಮೂಗಿನ ತುದಿಗೆ ಕನ್ನಡಕ ಇಳಿಸಿಕೊಂಡು ಅಂಗಿಯೊಂದರ ಕಂಕುಳ ಹೊಲಿಯುತ್ತಿದ್ದ. ಕ್ಯಾಪ್ಟನ್ ಸಾಲೆಯ ಡ್ರಿಲ್ ಮಾಸ್ತರು, ಹೈದರಾಬಾದಿನ ಸಾಬರು. ನನ್ನ ಕೈಯ ಮೀನು ನೋಡಿ, “ಆಯಿಯೇ ಮಿಯಾ, ಇನ್ನು ಈ ಖೋಲಿ ನಿಂದೇ” ಎಂದರು. ಅಷ್ಟು ದೊಡ್ಡ ಮನುಷ್ಯರು ನನಗೆ ಎದ್ದು ಜಾಗ ಕೊಟ್ಟದ್ದು ಅದೇ ಮೊದಲು. ನಾನು ಕುಳಿತುಕೊಳ್ಳಲು ಹೆದರಿ ತುಸು ಹೊತ್ತು ನಿಂತೇ ಇದ್ದೆ.

ಊಟಕ್ಕೆ ಮುಂಚೆ ಮಾಸ್ತರು ಪೆಟ್ಟಿಗೆ ತೆರೆದು ಚೆಂಡು ಹೊರಗೆ ತೆಗೆದರು. ಹೈದರಾಬಾದಿನಿಂದ ಹೊಸದಾಗಿ ತರಿಸಿದ್ದು. ಆ ಸಲ ಚೆಂಡು ತರುವ ಸರದಿ ನಮ್ಮದು, ಅದಿಲ್ಲದಿದ್ದರೆ ಆಟವಿಲ್ಲ. ಸೈಕಲ್ ಪಂಪಿನಿಂದ ಗಾಳಿ ತುಂಬಿ, ಬಾಯಿಯ ದಾರ ಬಿಗಿದು, ಅಂಗೈಯಲ್ಲಿ ಎಣ್ಣೆ ಹಚ್ಚಿಕೊಂಡು ನೀವಿದರು. ಆಮೇಲೆ ನನ್ನ ಕೈಗೆ ಕೊಟ್ಟರು. ಹಿಡಿದುಕೊಂಡೆ. ಸಂತೋಷಕ್ಕೆ ಎರಡು ಸಲ ತಿರುಗಿಸಿ ನೋಡಿದೆ. ಆದರೆ ಹೆಬ್ಬೆರಳಿನಿಂದ ಒತ್ತಿ ನೋಡಿದಾಗ ನನ್ನೊಳಗಿನ ಅಂಬಿಗ ತಲೆಯೆತ್ತಿದ. ಚರ್ಮ ಗಡುಸಾಗಿತ್ತು. ಹೊಲಿಗೆಯ ಹತ್ತಿರ ಕಿರ್ ಎನ್ನುತ್ತಿತ್ತು.

ಬೇಸಿಗೆಯಲ್ಲಿ ಎಷ್ಟೋ ದಿನ ದಂಡೆಯ ಮೇಲೆ ಬೋರಲು ಬಿದ್ದ ಹರಿಗೋಲನ್ನು ನಾವು ಒಮ್ಮೆಲೇ ಹೊಳೆಗೆ ಇಳಿಸುವುದಿಲ್ಲ. ಒಣಗಿದ ಚರ್ಮ ಭಾರ ಬಿದ್ದ ಕೂಡಲೇ ಹೊಲಿಗೆಯ ಗುಂಟ ಬಿರಿಯುತ್ತದೆ. ಹಿಂದಿನ ಸಂಜೆಯೇ ನೀರಲ್ಲಿ ಮುಳುಗಿಸಿ, ಮೇಲೆ ಕಲ್ಲು ಹೇರಿ, ರಾತ್ರಿಯೆಲ್ಲ ನೆನೆಸುತ್ತೇವೆ. ಅಪ್ಪ, ಅಜ್ಜ ಎಲ್ಲರೂ ಮಾಡಿದ್ದು ಅದೇ. ಇವರು ಕಚೇರಿ ಮಂದಿ, ಇವರಿಗೇನು ತಿಳಿಯುತ್ತದೆ, ಶಹಾಪುರದ ಬಿಸಿಲಿಗೆ ನಡುಆಟದಲ್ಲಿ ಚೆಂಡು ಬಿರಿದರೆ ಗತಿಯೇನು ಎಂದು ನನಗೆ ಚಿಂತೆ ಹತ್ತಿತು. ಉಂಡಾದ ಮೇಲೆ ಅವರು ಪೇಟೆ ಕಡೆ ತಿರುಗಾಡಲು ಹೋದಾಗ ಕಾಲು ನೋವೆಂದು ಹಿಂದೆ ಉಳಿದೆ. ಬಟ್ಟೆ ಸುತ್ತಿ ಪೆಟ್ಟಿಗೆಯಲ್ಲಿಟ್ಟಿದ್ದ ಚೆಂಡು ತೆಗೆದು, ಬಟ್ಟೆ ಬಿಚ್ಚಿ ಡೋಣಿಗೆ ಹಾಕಿದೆ. ಅದು ತೇಲಿತು. ಒಂದು ಚಪ್ಪಡಿ ಕಲ್ಲು ಹೇರಿ ಮುಳುಗಿಸಿದೆ. ಯಾರಿಗೂ ಹೇಳಲಿಲ್ಲ. ನಾಳೆ ಮೆತ್ತಗಾದ ಚೆಂಡು ನೋಡಿ ಇದು ಯಾರ ಕೈಚಳಕ ಎಂದು ಅವರೇ ಕೇಳಲಿ ಎಂಬ ಆಸೆ ನನ್ನದು.

ಬೆಳಗಾಗುತ್ತಲೇ ಹೋಗಿ ಎತ್ತಿ ನೋಡಿದರೆ ಕೆಲಸ ಕೆಟ್ಟಿತ್ತು. ಹರಿಗೋಲಿನ ಚರ್ಮ ಇಡೀ ಎಮ್ಮೆಯದು, ಬಿದಿರಿಗೆ ಬಿಗಿದದ್ದು, ನೆನೆದರೂ ಎಲ್ಲಿಗೂ ಹೋಗುವುದಿಲ್ಲ. ಇದೋ ಸಣ್ಣ ಸಣ್ಣ ತುಂಡು ಕೂಡಿಸಿ ಹೊಲಿದದ್ದು. ಒಂದೊಂದು ತುಂಡೂ ನೀರು ಕುಡಿದು ಉಬ್ಬಿ, ಜೋತು, ಚೆಂಡು ಕುಂಬಳಕಾಯಿಯಾಗಿತ್ತು. ತೂಕ ಎರಡರಷ್ಟು. ಆಗಲೇ ಒಳಗೆ ಹೋಗಿ ಮಾಸ್ತರರ ಕಾಲು ಹಿಡಿದಿದ್ದರೆ ಮರ್ಯಾದೆ ಉಳಿಯುತ್ತಿತ್ತು. ನಾನು ಮಾಡಿದ್ದೇನು? ಚೆಂಡನ್ನು ಒರೆಸಿ, ಮೊದಲಿನ ಬಟ್ಟೆಯಲ್ಲೇ ಸುತ್ತಿ, ಪೆಟ್ಟಿಗೆಯಲ್ಲಿಟ್ಟು ಮುಚ್ಚಳ ಹಾಕಿದೆ. ಆಮೇಲೆ ಬೇವಿನ ಕಡ್ಡಿ ಮುರಿದುಕೊಂಡು, ಏನೂ ಅರಿಯದವನಂತೆ ಹಲ್ಲು ತಿಕ್ಕುತ್ತ ನಿಂತೆ.

ಬಸ್ಸಿಗೆ ಹೊರಡುವ ಮುಂಚೆ ಮಾಸ್ತರು ಪೆಟ್ಟಿಗೆ ತೆರೆದರು. ಚೆಂಡು ಕೈಗೆ ಬಂದ ಕೂಡಲೇ ಅವರ ಮುಖ ಸಪ್ಪಗಾಯಿತು. ಕೂಗಾಡಲಿಲ್ಲ. ಪೆಟ್ಟಿಗೆಯ ಜವಾಬ್ದಾರಿ ಗೋಲ್‌ಕೀಪರದ್ದು. ಮರಾಠಿ ಬ್ಯಾಕು ಅವರ ಕಡೆ ತಿರುಗಿ, “ಏನ್ರಿ ಇದು? ಕಡೀ ಆಟಕ್ಕ ಹಿಂಗ ಮಾಡೋದಾ?” ಎಂದು ಗದರಿದರು.

ಗೋಲ್‌ಕೀಪರು ಚೆಂಡನ್ನೊಮ್ಮೆ ನೋಡಿದರು. ನನ್ನನ್ನೊಮ್ಮೆ ನೋಡಿದರು. ನಾನು ನೆಲ ನೋಡಿದೆ.

“ನನ್ನ ಕೈಯಿಂದ ಆಗ್ಯಾದ. ರಾತ್ರಿ ನೀರು ಚೆಲ್ಲೀನಿ, ನೋಡಿಕೊಳ್ಳಲಿಲ್ಲ” ಎಂದರು.

ಶಹಾಪುರದ ತನಕ ಒಂದೂವರೆ ತಾಸು ಬಸ್ಸಿನಲ್ಲಿ ನಾನು ಅನುಭವಿಸಿದ್ದು ಶತ್ರುವಿಗೂ ಬೇಡ. ಚೆಂಡನ್ನು ಕಿಟಕಿಯ ಸರಳಿಗೆ ಕಟ್ಟಿ ಗಾಳಿಗೆ ಬಿಟ್ಟಿದ್ದರು. ಎಲ್ಲರೂ ಗೋಲ್‌ಕೀಪರನ್ನು ಚುಡಾಯಿಸಿದ್ದೇ ಚುಡಾಯಿಸಿದ್ದು. ಆಂಧ್ರದವರಿಗೆ ನೀರಿನ ಹುಚ್ಚು ಬಲು, ಅಲ್ಲಿ ಹೋಗಿ ಕಡತ ನೆನೆಸಬೇಡಿ, ಇತ್ಯಾದಿ. ಅವರು ಎಲ್ಲದಕ್ಕೂ ನಗುತ್ತ ಹೂಂಗುಟ್ಟುತ್ತಿದ್ದರು. ಬೂಟಿಲ್ಲದ ಕಾಲಿನಿಂದ ಆ ಕಲ್ಲುಗುಂಡಿನಂಥ ಚೆಂಡು ಒದೆಯಬೇಕಾದವರು ಇವರೇ, ಯಾದಗಿರಿಯವರಿಗೆಲ್ಲ ರೇಲ್ವೆಯವರು ಕೊಟ್ಟ ಬೂಟು. ಅದಕ್ಕಿಂತ ಹೆಚ್ಚಾಗಿ ನನ್ನನ್ನು ಚುಚ್ಚುತ್ತಿದ್ದದ್ದು ಬೇರೆ. ನೀರು ಕುಡಿದ ಚರ್ಮದಿಂದ ನೀರು ಹೀರಿಸುವುದು ಹೇಗೆಂದು ನನಗೆ ಗೊತ್ತಿತ್ತು. ಬಿಸಿ ಉಸುಕು ಬೇಕು. ನಮ್ಮಲ್ಲಿ ಹೊಸ ಚರ್ಮ ಹೆಚ್ಚು ನೆನೆದರೆ ಹಾಗೇ ಮಾಡುತ್ತೇವೆ. ಆದರೆ ಅದನ್ನು ಹೇಳಲು ಬಾಯಿ ತೆರೆದರೆ ಉಳಿದದ್ದೂ ಹೊರಬೀಳುತ್ತದೆ. ಹೇಳಿದರೆ ಅವರು ಮತ್ತೆಂದೂ ನನ್ನ ಮುಖ ನೋಡುವುದಿಲ್ಲ, ಹೇಳದಿದ್ದರೆ ಕೊನೆಯ ಆಟ ಹಾಳು. ಕಿಟಕಿಯಾಚೆಯ ಕುರುಚಲು ಗಿಡ ನೋಡುತ್ತ ಬಾಯಿ ಬಿಗಿದುಕೊಂಡೇ ಕುಳಿತೆ.

ಶಹಾಪುರದಲ್ಲಿ ಗುಡ್ಡದ ಬುಡದ ಮೈದಾನದ ಪಕ್ಕ ಒಂದು ಬೇವಿನ ಮರ. ಅದರ ಕೆಳಗೆ ಎಲ್ಲರೂ ಬುತ್ತಿ ಬಿಚ್ಚಿದರು. ಆಟ ನಾಲ್ಕು ಗಂಟೆಗೆ. ಎದುರಿಗೆ ಗೋಲ್‌ಕೀಪರು ತಮ್ಮ ಪಾದದ ಪಟ್ಟಿ ಬಿಚ್ಚಿ, ಒಂದರ ಮೇಲೆ ಇನ್ನೊಂದು ಸುತ್ತು ಹಾಕಿ, ಒತ್ತಿ ನೋಡಿ, ಮತ್ತೂ ಒಂದು ಸುತ್ತು ಹಾಕಿಕೊಳ್ಳುತ್ತಿದ್ದರು. ಅದನ್ನು ನೋಡಲಾಗಲಿಲ್ಲ.

“ಸಾಹೇಬ್ರ, ಅದು ನಾ ಮಾಡೀನ್ರಿ. ಡೋಣಿಯೊಳಗ ಕಲ್ಲು ಹೇರಿ ನೆನಿಸಿಟ್ಟವ ನಾನ್ರಿ” ಎಂದೆ.

ಯಾರೂ ಹೌಹಾರಲಿಲ್ಲ. ದರ್ಜಿ ರೊಟ್ಟಿ ಮುರಿಯುತ್ತ ಹೇಳಿದ, “ಗೊತ್ತದಲ್ಲೋ. ಮುಂಜಾನಿ ನಿನ್ನ ಅಂಗಿ ತೋಳು ಮೊಣಕೈ ತನಕ ಹಸಿ ಇತ್ತು. ಬಟ್ಟಿ ವಿಷಯ ನಂಗ ಹೇಳಬೇಕೇನು?”

ಎಲ್ಲರಿಗೂ ಗೊತ್ತಿತ್ತು! ಬಸ್ಸಿನಲ್ಲಿ ಅಷ್ಟೊಂದು ಚುಡಾಯಿಸಿದ್ದು ಸುಳ್ಳು ಆಟ. ಮರಾಠಿ ಬ್ಯಾಕು ನಾಚಿಕೊಂಡು, ಪೆಟ್ಟಿಗೆಯ ಮುಂದೆ ಗದರಿದ್ದೊಂದು ಮಾತ್ರ ಖರೆ, ಆಮೇಲೆ ದರ್ಜಿ ಕಿವಿಯಲ್ಲಿ ಊದಿದ ಎಂದರು. ಮಾಸ್ತರು ನನ್ನ ಬೆನ್ನ ಮೇಲೆ ಕೈಯಿಟ್ಟು, “ನೀ ನಮ್ಮ ಮೆಹಮಾನ್. ಮೆಹಮಾನನ್ನ ನಿಲ್ಲಿಸಿ ಯಾರಾದ್ರೂ ಪಂಚಾಯ್ತಿ ಮಾಡ್ತಾರೇನು?” ಎಂದರು. ನನಗೆ ಅಳು ಬಂತು. ಅತ್ತೆ. ಇಪ್ಪತ್ತೆರಡು ವರ್ಷದ ಗಂಡಸು ಬೇವಿನ ಮರದ ಕೆಳಗೆ ಗೊಳೋ ಎಂದು ಅತ್ತದ್ದನ್ನು ಯಾದಗಿರಿಯವರೂ ನಿಂತು ನೋಡಿದರು.

ಗೋಲ್‌ಕೀಪರು ಮಾತ್ರ ಸಮಾಧಾನದ ಮಾತಾಡಲಿಲ್ಲ. “ಅಳೋದು ಆಮ್ಯಾಲ. ನೀವು ಹೊಳಿ ಮಂದಿ, ಚರ್ಮದಾಗಿನ ನೀರು ಹ್ಯಾಂಗ ತೆಗಿತೀರಿ, ಅದನ್ನ ಹೇಳು” ಎಂದು ಕೇಳಿದರು.

“ಬಿಸಿ ಉಸುಕು ಬೇಕ್ರಿ.”

ಮೈದಾನದ ಆಚೆಗಿದ್ದ ನಾಲೆಯ ಉಸುಕು ಮುಟ್ಟಿ ನೋಡಿದೆ, ಬೆಚ್ಚಗಿತ್ತು ಅಷ್ಟೇ, ಸಾಲದು. ಆಗ ದರ್ಜಿಗೆ ಪೇಟೆಯ ಚುರುಮುರಿ ಭಟ್ಟಿ ನೆನಪಾಯಿತು. ಚುರುಮುರಿ, ಅಂದರೆ ಮಂಡಕ್ಕಿ, ಹುರಿಯುವುದೇ ಕಾದ ಉಸುಕಿನಲ್ಲಿ. ಮಾಸ್ತರು, ಗೋಲ್‌ಕೀಪರು, ದರ್ಜಿ, ನಾನು ನಾಲ್ವರೂ ಓಡಿದೆವು. ಭಟ್ಟಿಯ ಮುಂದೆ ಕುಳಿತಿದ್ದ ಹೆಂಗಸು ನಮ್ಮನ್ನೂ ಚೆಂಡನ್ನೂ ನೋಡಿ, “ಯಪ್ಪಾ, ಇದನ್ನ ಹುರಿದರ ಅರಳೂದಿಲ್ರಿ” ಎಂದಳು. ವಿಷಯ ಕೇಳಿ ನಕ್ಕು ಕೆಲಸ ನಿಲ್ಲಿಸಿ, ಒಂದು ಬುಟ್ಟಿ ಉಸುಕು ಕಡಾಯಿಯಿಂದ ತೆಗೆದು ಚೀಲದ ಮೇಲೆ ಹರಡಿದಳು.

ಮುಂದಿನದು ನನ್ನ ಕೈಯ ಕೆಲಸ. ಹೆಚ್ಚು ಸುಟ್ಟರೆ ಚರ್ಮ ಸುರುಟಿ ಹೋಗುತ್ತದೆ, ತಣಿದರೆ ನೀರು ಬಿಡುವುದಿಲ್ಲ. ಮುಂಗೈಯ ಮೇಲೆ ಉಸುಕು ಸುರಿದುಕೊಂಡು, ಹತ್ತು ಎಣಿಸುವವರೆಗೆ ತಡೆದರೆ ಸರಿ. ದಾರ ಬಿಚ್ಚಿ, ಒಳಗಿನ ರಬ್ಬರ್ ಬ್ಲಾಡರ್ ತೆಗೆದಿಟ್ಟು, ಚರ್ಮದ ಒಳಗೆ ಉಸುಕು ತುಂಬಿ, ಹೊರಗೆಲ್ಲ ಮುಚ್ಚಿ, ತಣ್ಣಗಾದಂತೆ ಬದಲಿಸುತ್ತ ಹೋದೆ. ಅವರು ಮೂವರೂ ನಾನು ಹೇಳಿದಂತೆ ಉಸುಕು ಹೊತ್ತರು. ತಾಲ್ಲೂಕು ಕಚೇರಿಯ ಸಾಹೇಬರು ನನ್ನ ಮಾತಿಗೆ ಬುಟ್ಟಿ ಎತ್ತಿ ಕೊಡುವುದು ಎಂದರೇನು! ಎರಡು ತಾಸಿನಲ್ಲಿ ಚೆಂಡು ಹಗುರಾಯಿತು. ಗಾಳಿ ತುಂಬಿ ದಾರ ಬಿಗಿದಾಗ ಒಂದೇ ಕೊರತೆ. ಒಂದು ಮಗ್ಗುಲು ಹೆಚ್ಚು ಬಿಗಿದು, ಚೆಂಡು ತುಸು ಮಾವಿನಕಾಯಿಯ ಆಕಾರ ತಾಳಿತ್ತು. ಯಾದಗಿರಿಯ ಕ್ಯಾಪ್ಟನ್ ಅದನ್ನು ತಿರುಗಿಸಿ ನೋಡಿ, ನಕ್ಕು, ಇರಲಿ ಬಿಡಿ ಎಂದರು. ಅವರ ತಂಡದಲ್ಲೂ ನಾಲ್ವರು ಪಟ್ಟಿಯಲ್ಲಿದ್ದರು.

ಅಂಥ ಆಟ ಶಹಾಪುರದವರು ಮತ್ತೆ ನೋಡಿರಲಾರರು. ಚೆಂಡು ಎಲ್ಲಿ ಹೊರಳುತ್ತದೆಂದು ಒದ್ದವರಿಗೂ ಗೊತ್ತಿರಲಿಲ್ಲ. ಜನ ಬಿದ್ದು ಬಿದ್ದು ನಕ್ಕರು. ನಮ್ಮವರ ಕಾಲು ಮಾತ್ರ ಬಾತುಕೊಳ್ಳುವುದು ತಪ್ಪಿತು, ಅಷ್ಟು ಸಾಕೆಂದು ನಾನು ನಮ್ಮೂರ ದೇವರು ಮೌನೇಶ್ವರನಿಗೆ ಕೈ ಮುಗಿದೆ. ನನ್ನನ್ನು ಹಗ್ಗದ ಒಳಗೆ, ತಂಡದ ನೀರಿನ ಕೊಡದ ಪಕ್ಕ ಕೂರಿಸಿದ್ದರು. ಕೊನೆಕೊನೆಯವರೆಗೂ ಎರಡೂ ಕಡೆ ಗೋಲಿಲ್ಲ.

ಆಟ ಮುಗಿಯಲು ಇನ್ನೇನು ಸ್ವಲ್ಪ ಹೊತ್ತು ಎನ್ನುವಾಗ ಯಾದಗಿರಿಯ ಒಬ್ಬ ದೂರದಿಂದ ಬೀಸಿ ಒದ್ದ. ಚೆಂಡು ನೇರ ಗೋಲ್‌ಕೀಪರ ಎದೆಗೆ ಬರುತ್ತಿತ್ತು. ಅವರು ಕೈ ಚಾಚಿ, ಕಾಲೂರಿ ಸರಿಯಾಗಿ ನಿಂತಿದ್ದರು. ಎರಡು ಮಾರು ಉಳಿದಿರುವಾಗ ಅದು ಬಿಗಿದ ಮಗ್ಗುಲಿಗೆ ಸರಕ್ಕನೆ ತಿರುಗಿತು. ಅವರ ಎಡಗೈಯ ಹೊರಗಿನಿಂದ ಹಾದು ಗೋಲಿನೊಳಗೆ ಹೋಯಿತು. ಮೈದಾನವೆಲ್ಲ ಕೂಗಿತು. ನಾನು ಮೊಣಕಾಲ ನಡುವೆ ತಲೆ ಹಾಕಿದೆ.

ಅವರು ಹಿಂದೆ ಹೋಗಿ ಚೆಂಡು ತಂದು ನಡುಮೈದಾನಕ್ಕೆ ಎಸೆದರು. ಆಮೇಲೆ ತಮ್ಮ ಜಾಗದಲ್ಲಿ ನಿಲ್ಲುವುದು ಬಿಟ್ಟು ಹಗ್ಗದ ಗುಂಟ ಓಡುತ್ತ ನಾನು ಕುಳಿತಲ್ಲಿಗೆ ಬಂದರು. ಏದುಸಿರು ಬಿಡುತ್ತಿದ್ದರು.

“ಏ ತಮ್ಮಾ, ಮಾರಿ ಮ್ಯಾಲೆತ್ತು. ಆ ಗೋಲು ನಂದು. ಚಂಡು ನೆಟ್ಟಗೇ ಬಂದಿತ್ತು, ನನ್ನ ಕೈ ತಡಾ ಆತು. ಚಂಡಿಂದೇನೂ ತಪ್ಪಿಲ್ಲ. ತಿಳೀತೋ ಇಲ್ಲೋ?”

ಆಚೆಯಿಂದ ಮಾಸ್ತರು, ಗೋಲು ಖಾಲಿ ಬಿಟ್ಟು ಎಲ್ಲಿ ಹೋದಿರಿ ಎಂದು ಕೂಗುತ್ತಿದ್ದರು. ಆಟ ಮತ್ತೆ ಶುರುವಾಗಿಬಿಟ್ಟಿತ್ತು. ಇವರು ಅಲುಗಲಿಲ್ಲ. ನನ್ನ ಬಾಯಿಂದ ಉತ್ತರ ಬರಲಿ ಎಂದು ಕಾದೇ ನಿಂತರು.

“ತಿಳೀತ್ರಿ” ಎಂದೆ.

ಅಷ್ಟು ಕೇಳಿದ ಮೇಲೆಯೇ ಅವರು ತಿರುಗಿ ಓಡಿದ್ದು. ನಾವು ಆ ಒಂದು ಗೋಲಿನಿಂದ ಸೋತೆವು. ಮುಂದಿನ ತಿಂಗಳು ಅವರು ಯಾದಗಿರಿಯಲ್ಲಿ ರೈಲು ಹತ್ತಿ ಹೋದರಂತೆ, ನಾನು ಮತ್ತೆ ಅವರನ್ನು ನೋಡಲಿಲ್ಲ. ಚೆಂಡು ತಿರುಗಿದ್ದನ್ನು ನಾನು ಕಣ್ಣಾರೆ ಕಂಡಿದ್ದೆ. ನನ್ನ ಜೀವನದಲ್ಲಿ ಬೇರೆ ಯಾರೂ ನನಗೋಸ್ಕರ ಅಷ್ಟು ದೂರ ಓಡಿ ಬಂದು ಸುಳ್ಳು ಹೇಳಿಲ್ಲ.